ಸಮವಸ್ತ್ರ ಕಳಚುವ ಮುನ್ನ: ಹೆಲಿಕಾಪ್ಟರ್ ಪೈಲಟನಿಗೆ ಯಾವ ಅರ್ಹತೆ ಮೊದಲು?

ಸೊಲ್ಲಾಪುರದಿಂದ ಅಕ್ಕಲಕೋಟದ ದಾರಿ ಹಿಡಿದರೆ ಸ್ವಲ್ಪ ದೂರದಲ್ಲೇ ಕುಂಭಾರಿ. ಬೀಡಿ ಕಾರ್ಮಿಕರ ವಸತಿಗಳಿಗೂ ಅಶ್ವಿನಿ ವೈದ್ಯಕೀಯ ಮಹಾವಿದ್ಯಾಲಯಕ್ಕೂ ಹೆಸರಾದ ಊರು. 2024ರ ಜನವರಿ 19ರಂದು ಇಲ್ಲಿಯ ರೇನಗರದಲ್ಲಿ 15,000 ಮನೆಗಳ ಹಸ್ತಾಂತರಕ್ಕೆ ಪ್ರಧಾನಿಯವರೇ ಬಂದಿದ್ದರು. ಗಣ್ಯರ ಭೇಟಿಯಿರಲಿ, ಚುನಾವಣೆಯ ಪ್ರಚಾರವಿರಲಿ, ಆಕಾಶದಲ್ಲಿ ಹೆಲಿಕಾಪ್ಟರಿನ ಸದ್ದು ಕೇಳಿದೊಡನೆ ಮಕ್ಕಳು ಅಂಗಳಕ್ಕೆ ಓಡಿಬರುತ್ತಾರೆ. ಎಲ್ಲರ ಕಣ್ಣೂ ಕೆಳಗಿಳಿಯುವ ಗಣ್ಯರ ಮೇಲೆ. ಮುಂದಿನ ಆಸನದಲ್ಲಿ ಕುಳಿತ ಪೈಲಟನನ್ನು ಗಮನಿಸುವವರು ಕಡಿಮೆ.

ನಮ್ಮ ದೇಶದ ನಾಗರಿಕ ಹೆಲಿಕಾಪ್ಟರುಗಳ ಚಾಲಕರಲ್ಲಿ ಬಹಳಷ್ಟು ಮಂದಿ ಒಂದು ಕಾಲಕ್ಕೆ ಭೂಸೇನೆ, ನೌಕಾಪಡೆ ಅಥವಾ ವಾಯುಪಡೆಯ ಸಮವಸ್ತ್ರ ತೊಟ್ಟವರು. ಸೈನ್ಯ ಬಿಟ್ಟ ಮರುದಿನವೇ ಅವರು ನಾಗರಿಕ ಹೆಲಿಕಾಪ್ಟರ್ ಹತ್ತಬಹುದೆಂದು ಹೊರಗಿನವರು ಭಾವಿಸುವುದುಂಟು. ವಾಸ್ತವ ಹಾಗಿಲ್ಲ. ಸಾವಿರಾರು ಗಂಟೆ ಹಾರಿದ ಅನುಭವಿಯೂ ಮತ್ತೆ ಪುಸ್ತಕ ಹಿಡಿದು ಕೂರಬೇಕು, ಪರೀಕ್ಷೆ ಬರೆಯಬೇಕು, ಮನೆಯವರೊಡನೆ ಕುಳಿತು ಲೆಕ್ಕ ಹಾಕಬೇಕು. ಯಾವ ಪರವಾನಗಿಯನ್ನು ಮೊದಲು ಪಡೆಯಬೇಕು, ಯಾವುದಕ್ಕೆ ಹಣ ಹಾಕಬೇಕು, ಯಾವುದನ್ನು ಮುಂದಕ್ಕೆ ಬಿಡಬೇಕು ಎಂಬ ತೀರ್ಮಾನದ ಮೇಲೆ ಅವರ ಮುಂದಿನ ಇಪ್ಪತ್ತು ವರ್ಷಗಳ ಅನ್ನ ನಿಂತಿದೆ. ಕೆಲವೊಮ್ಮೆ ಜೀವವೂ ನಿಂತಿದೆ.

ಸೈನ್ಯ ಕೊಟ್ಟ ವಿದ್ಯೆ

2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮನದಿಯ ಸೋನಮ್ ಠಾಣೆ ಹಿಮಪಾತಕ್ಕೆ ಸಿಕ್ಕಿತು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಹುದುಗಿದ್ದು ಜೀವಂತವಾಗಿ ಸಿಕ್ಕಾಗ ಕನ್ನಡನಾಡೆಲ್ಲ ಉಸಿರು ಬಿಗಿಹಿಡಿದಿತ್ತು. ಅವರನ್ನು ಆ ಎತ್ತರದಿಂದ ಕೆಳಗೆ ತಂದದ್ದು ಸೈನ್ಯದ ಹೆಲಿಕಾಪ್ಟರ್. ಫೆಬ್ರವರಿ 11ರಂದು ಅವರು ದೆಹಲಿಯಲ್ಲಿ ಕೊನೆಯುಸಿರೆಳೆದರೂ, ಸುಮಾರು 19,600 ಅಡಿ ಎತ್ತರದ ತೆಳುಗಾಳಿಯಲ್ಲಿ ಇಳಿದು ಏಳುವ ಆ ಹಾರಾಟ ಎಂಥದೆಂಬುದನ್ನು ಸಾಮಾನ್ಯ ಜನರೂ ಅಂದು ಅರಿತರು.

ಇಂಥ ಕೆಲಸಕ್ಕೆ ಪೈಲಟರನ್ನು ಸಿದ್ಧಗೊಳಿಸುವ ವ್ಯವಸ್ಥೆ ದೊಡ್ಡದು. ಭೂಸೇನೆಯ ವಾಯು ದಳ ಸ್ವತಂತ್ರ ವಿಭಾಗವಾಗಿ ರೂಪುಗೊಂಡದ್ದು 1986ರ ನವೆಂಬರ್ 1ರಂದು. ಅದರ ತರಬೇತಿ ಶಾಲೆ ಮಹಾರಾಷ್ಟ್ರದ ನಾಸಿಕದಲ್ಲಿದೆ. ನೌಕಾಪಡೆಯ ಹೆಲಿಕಾಪ್ಟರ್ ಶಾಲೆ ತಮಿಳುನಾಡಿನ ಅರಕ್ಕೋಣಂನಲ್ಲಿದೆ. ವಾಯುಪಡೆಯ ಎಂಐ ಮಾದರಿಯ ಹೆಲಿಕಾಪ್ಟರುಗಳ ತರಬೇತಿಗೆ ಬೆಂಗಳೂರಿನ ಯಲಹಂಕ ಹೆಸರಾಗಿದೆ. ಭೂಸೇನೆಯ ಪೈಲಟರು ಬಹುಕಾಲದಿಂದ ಹಾರಿಸುತ್ತ ಬಂದ ಚೀತಾ, ಚೇತಕ್ ಹೆಲಿಕಾಪ್ಟರುಗಳೂ ಈಚಿನ ಧ್ರುವವೂ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ತಯಾರಾದವು.

ಹೀಗೆ ಸೈನ್ಯ ಕೊಡುವ ವಿದ್ಯೆ ದೊಡ್ಡದು. ಆದರೆ ಆ ವಿದ್ಯೆಗೆ ನಾಗರಿಕ ಆಕಾಶದಲ್ಲಿ ಮುದ್ರೆ ಒತ್ತುವ ಕಚೇರಿ ಬೇರೆ. ಸೈನ್ಯದ ಪೈಲಟನ ಎದೆಯ ಮೇಲಿನ ರೆಕ್ಕೆಯ ಪದಕಕ್ಕೆ ಅಲ್ಲಿ ಗೌರವವುಂಟು, ಪರವಾನಗಿಯ ಬೆಲೆಯಿಲ್ಲ.

ಎರಡು ಪರವಾನಗಿ, ಎರಡು ರೇಟಿಂಗ್

ದೆಹಲಿಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಎಲ್ಲರ ಬಾಯಲ್ಲಿರುವ ಡಿಜಿಸಿಎ, ಈ ಮುದ್ರೆ ಒತ್ತುವ ಕಚೇರಿ. ವೃತ್ತಿಯಾಗಿ ಹಾರುವವರಿಗೆ ಅದು ಕೊಡುವ ಪರವಾನಗಿಗಳು ಮುಖ್ಯವಾಗಿ ಎರಡು. ಮೊದಲನೆಯದು ಸಿಪಿಎಲ್ ಎಂಬ ವಾಣಿಜ್ಯ ಪೈಲಟ್ ಪರವಾನಗಿ. ಎರಡನೆಯದು ಎಟಿಪಿಎಲ್ ಎಂಬ ಮೇಲ್ಮಟ್ಟದ ಪರವಾನಗಿ. ಎರಡರಲ್ಲೂ ಹೆಲಿಕಾಪ್ಟರಿನದು ಬೇರೆ, ವಿಮಾನದ್ದು ಬೇರೆ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ ಹೆಲಿಕಾಪ್ಟರ್ ಸಿಪಿಎಲ್‌ಗೆ 150 ಗಂಟೆಗಳ ಹಾರಾಟ ಬೇಕು. ಮಾನ್ಯತೆ ಪಡೆದ ಶಾಲೆಯಲ್ಲಿ ಕಲಿತವರಿಗೆ 100 ಗಂಟೆ ಸಾಕು. ಎಟಿಪಿಎಲ್‌ಗೆ 1,000 ಗಂಟೆ ಬೇಕು. ಅದರಲ್ಲಿ 50 ಗಂಟೆ ರಾತ್ರಿಯ ಹಾರಾಟ, 30 ಗಂಟೆ ಕೇವಲ ಉಪಕರಣಗಳನ್ನು ನೋಡಿ ನಡೆಸಿದ ಹಾರಾಟ ಇರಬೇಕು. ಹತ್ತಾರು ವರ್ಷ ಸೈನ್ಯದಲ್ಲಿ ಹಾರಿದವರಿಗೆ ಒಟ್ಟು ಗಂಟೆಗಳ ಕೊರತೆ ಬರುವುದು ಅಪರೂಪ. ಕೊರತೆ ಬರುವುದು ಒಳಗಿನ ಈ ಸಣ್ಣ ಅಂಕಣಗಳಲ್ಲಿ. ಹಗಲಿನ ಹಾರಾಟವೇ ಹೆಚ್ಚಿದ್ದವರ ಲಾಗ್‌ಬುಕ್ಕಿನಲ್ಲಿ ರಾತ್ರಿಯ ಗಂಟೆಗಳು ಕಡಿಮೆಯಿರಬಹುದು. ಸೇವೆಯಲ್ಲಿದ್ದಾಗಲೇ ಅದನ್ನು ಕಂಡುಕೊಂಡರೆ ತುಂಬಿಸಿಕೊಳ್ಳಲು ದಾರಿಯುಂಟು. ಹೊರಬಂದ ಮೇಲೆ ಅದೇ ಗಂಟೆಗಳಿಗೆ ಸ್ವಂತ ಹಣ ತೆರಬೇಕು.

ಪರವಾನಗಿಯ ಮೇಲೆ ಮತ್ತೆರಡು ಮುದ್ರೆಗಳಿವೆ. ಟೈಪ್ ರೇಟಿಂಗ್ ಎಂದರೆ ಇಂತಿಂಥ ಮಾದರಿಯ ಹೆಲಿಕಾಪ್ಟರನ್ನು ಹಾರಿಸಲು ಅನುಮತಿ. ಬೆಲ್ 407 ಹಾರಿಸಲು ಸಿಕ್ಕ ಅನುಮತಿ ಬೆಲ್ 412ಕ್ಕೆ ಸಾಲದು. ಇನ್‌ಸ್ಟ್ರುಮೆಂಟ್ ರೇಟಿಂಗ್ ಎಂದರೆ ಹೊರಗೆ ನೆಲ ಕಾಣದಿದ್ದರೂ ಉಪಕರಣಗಳ ಆಧಾರದಿಂದ ಹಾರುವ ಅನುಮತಿ. ಹೆಲಿಕಾಪ್ಟರ್ ಪರವಾನಗಿಯೊಳಗೆ ಇದು ತಾನಾಗಿ ಅಡಗಿರುವುದಿಲ್ಲ. ಬೇರೆಯಾಗಿ ಕಲಿತು, ಪರೀಕ್ಷೆಗೆ ಒಳಗಾಗಿ ಪಡೆಯಬೇಕು, ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು.

ಸೈನ್ಯದಲ್ಲಿ ಹಾರಿದ ಗಂಟೆಗಳಿಗೆ ಡಿಜಿಸಿಎ ಮನ್ನಣೆ ಕೊಡುತ್ತದೆ. ಆ ಗಂಟೆಗಳನ್ನು ಸೇವೆಯ ಅಧಿಕಾರಿಗಳು ದೃಢೀಕರಿಸಿರಬೇಕು. ಆದರೆ ಸೈನ್ಯದ ಆಕಾಶದ ಕಟ್ಟಳೆ ಬೇರೆ, ನಾಗರಿಕ ಆಕಾಶದ ಕಟ್ಟಳೆ ಬೇರೆ. ಆದ್ದರಿಂದ ವಾಯುಯಾನ ನಿಯಮಗಳ ಪತ್ರಿಕೆಯನ್ನು ಎಷ್ಟೇ ಅನುಭವಿಯಾದರೂ ಓದಿ ಬರೆಯಬೇಕು. ಹೊಸಬರಿಗೆ ಇದರ ಜೊತೆಗೆ ದಿಕ್ಕುಗಣನೆ, ಹವಾಮಾನ, ತಾಂತ್ರಿಕ ಜ್ಞಾನದ ಪತ್ರಿಕೆಗಳೂ ಇವೆ. ಉತ್ತೀರ್ಣತೆಗೆ ನೂರಕ್ಕೆ 70 ಅಂಕ ಬೇಕು. ರೇಡಿಯೊದಲ್ಲಿ ಮಾತಾಡುವ ಅರ್ಹತೆಯ ಪರೀಕ್ಷೆ ಮೊದಲು ದೂರಸಂಪರ್ಕ ಇಲಾಖೆಯ ಕೈಯಲ್ಲಿತ್ತು. 2025ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮ ಅದನ್ನೂ ಡಿಜಿಸಿಎಗೆ ವಹಿಸಿತು. ಹೀಗೆ ನಿಯಮಗಳು ಬದಲಾಗುತ್ತಲೇ ಇರುವುದರಿಂದ ಐದು ವರ್ಷದ ಹಿಂದೆ ಹೊರಬಂದ ಗೆಳೆಯನ ನೆನಪನ್ನು ನೆಚ್ಚದೆ, ಅಂದಿನ ನಿಯಮವನ್ನು ಅಂದೇ ಓದಿಕೊಳ್ಳುವುದು ಕ್ಷೇಮ.

ಯಾವ ಕೆಲಸಕ್ಕೆ ಯಾವ ಅರ್ಹತೆ

ನಾಗರಿಕ ಹೆಲಿಕಾಪ್ಟರಿನ ಕೆಲಸ ಒಂದೇ ಬಗೆಯದಲ್ಲ. ಮುಂಬಯಿಯ ಜುಹು ನೆಲೆಯಿಂದ ಬಾಂಬೆ ಹೈನ ತೈಲ ವೇದಿಕೆಗಳಿಗೆ ಕಾರ್ಮಿಕರನ್ನು ಒಯ್ಯುವುದು ಅವುಗಳಲ್ಲಿ ಬಹು ಮುಖ್ಯವಾದದ್ದು. 1985ರಲ್ಲಿ ಸ್ಥಾಪನೆಯಾದ ಪವನ್ ಹನ್ಸ್ ಸಂಸ್ಥೆ ಹುಟ್ಟಿದ್ದೇ ಹೆಚ್ಚಾಗಿ ಈ ಕೆಲಸಕ್ಕಾಗಿ. ಕೆಳಗೆ ಬರೀ ಸಮುದ್ರ. ಮಳೆಗಾಲದಲ್ಲಿ ನೀರಿಗೂ ಮೋಡಕ್ಕೂ ಗೆರೆ ಕಾಣದು. ಅದಕ್ಕಾಗಿ ಎರಡು ಎಂಜಿನ್ನಿನ ಡಾಫಿನ್, ಬೆಲ್ 412, ಎಡಬ್ಲ್ಯು139ರಂಥ ಹೆಲಿಕಾಪ್ಟರುಗಳನ್ನು ಇಬ್ಬರು ಪೈಲಟರು ನಡೆಸುತ್ತಾರೆ. ಇನ್‌ಸ್ಟ್ರುಮೆಂಟ್ ರೇಟಿಂಗ್ ಇಲ್ಲದವರಿಗೆ ಈ ಬಾಗಿಲು ತೆರೆಯುವುದು ಕಷ್ಟ.

ಎರಡನೆಯದು ಯಾತ್ರಿಕರ ಸೇವೆ. ಕೇದಾರನಾಥದಂಥ ಕ್ಷೇತ್ರಗಳಲ್ಲಿ ಬೆಲ್ 407, ಎಚ್125ರಂಥ ಒಂದು ಎಂಜಿನ್ನಿನ ಹೆಲಿಕಾಪ್ಟರುಗಳು ಒಬ್ಬನೇ ಪೈಲಟನೊಂದಿಗೆ ದಿನಕ್ಕೆ ಹಲವು ಸಲ ಏರಿಳಿಯುತ್ತವೆ. ಚೀತಾದಲ್ಲಿ ಹಿಮಾಲಯ ಹಾರಿದವರಿಗೆ ಆ ಕಣಿವೆಗಳು ಹೊಸವಲ್ಲ. ಸಿಪಿಎಲ್ ಮತ್ತು ಟೈಪ್ ರೇಟಿಂಗ್ ಇದ್ದರೆ ಕೆಲಸ ಬೇಗ ಸಿಗಬಹುದು. ಆದರೆ ಅದು ಋತುವಿನ ಕೆಲಸ. ಮೂರನೆಯದು ಗಣ್ಯರ ಪ್ರಯಾಣ, ಬಾಡಿಗೆ ಹಾರಾಟ, ರೋಗಿಗಳ ಸಾಗಣೆ. ಗಣ್ಯರನ್ನು ಒಯ್ಯುವವರ ಅನುಭವಕ್ಕೆ ಡಿಜಿಸಿಎ ಪ್ರತ್ಯೇಕ ಕಟ್ಟಳೆಯನ್ನೇ ಮಾಡಿದೆ.

ವಯಸ್ಸಿನ ಲೆಕ್ಕವೂ ಇಲ್ಲಿ ಸೇರುತ್ತದೆ. ಅಂತರರಾಷ್ಟ್ರೀಯ ಮಾನದಂಡದಂತೆ ಒಬ್ಬನೇ ಪೈಲಟನಾಗಿ ಪ್ರಯಾಣಿಕರನ್ನು ಒಯ್ಯುವ ಕೆಲಸ 60ಕ್ಕೆ ಮುಗಿಯುತ್ತದೆ. ಇಬ್ಬರು ಪೈಲಟರಿರುವಲ್ಲಿ 65ರವರೆಗೆ ಅವಕಾಶವಿದೆ. 40 ದಾಟಿದವರು ಒಂಟಿಯಾಗಿ ಪ್ರಯಾಣಿಕರನ್ನು ಹಾರಿಸುವುದಾದರೆ ವೈದ್ಯಕೀಯ ತಪಾಸಣೆ ವರ್ಷಕ್ಕೊಮ್ಮೆಯ ಬದಲು ಆರು ತಿಂಗಳಿಗೊಮ್ಮೆ. ನಲವತ್ತೈದರ ಹೊತ್ತಿಗೆ ಸೈನ್ಯ ಬಿಡುವವರಿಗೆ ಕೊನೆಯ ಆ ಐದು ವರ್ಷ ಮಗಳ ಓದಿಗೋ ಮನೆಯ ಸಾಲಕ್ಕೋ ಒದಗುವ ವರ್ಷಗಳಾಗಿರುತ್ತವೆ.

ಹೆಲಿಕಾಪ್ಟರನ್ನೇ ಬಿಟ್ಟು ವಿಮಾನಗಳತ್ತ ಹೊರಳುವವರೂ ಇದ್ದಾರೆ. ವಿಮಾನ ಕಂಪನಿಗಳಲ್ಲಿ ಕೆಲಸಗಳ ಸಂಖ್ಯೆ ಹೆಚ್ಚು ಎಂಬುದು ನಿಜ. ಆದರೆ ಹೆಲಿಕಾಪ್ಟರಿನ ಗಂಟೆಗಳು ವಿಮಾನದ ಪರವಾನಗಿಗೆ ಇಡಿಯಾಗಿ ಲೆಕ್ಕಕ್ಕೆ ಬರುವುದಿಲ್ಲ. ಕ್ಯಾಪ್ಟನ್ ಆಗಿದ್ದವರು ಮತ್ತೆ ಕಿರಿಯರ ಸಾಲಿನಲ್ಲಿ ನಿಲ್ಲಬೇಕು. ಮೂವತ್ತೈದರಲ್ಲಿ ಅದು ಸಾಧ್ಯ. ಐವತ್ತರಲ್ಲಿ ಖರ್ಚು ಹುಟ್ಟುವುದೇ ಅನುಮಾನ.

ಸರದಿ ತಪ್ಪಿದರೆ

ಕೈಯಲ್ಲಿ ನಿವೃತ್ತಿಯ ಹಣವಿದ್ದಾಗ ಎಲ್ಲಕ್ಕಿಂತ ಮೊದಲು ಲಕ್ಷಗಟ್ಟಲೆ ತೆತ್ತು ಯಾವುದೋ ಒಂದು ಟೈಪ್ ರೇಟಿಂಗ್ ಪಡೆದುಬಿಡುವ ಆತುರ ಸಹಜ. ಆ ಮಾದರಿಯ ಹೆಲಿಕಾಪ್ಟರ್ ಇಟ್ಟುಕೊಂಡ ಸಂಸ್ಥೆಯಲ್ಲಿ ಸ್ಥಾನ ಖಾಲಿಯಿಲ್ಲದಿದ್ದರೆ ಆ ಕಾಗದ ಪೆಟ್ಟಿಗೆಯಲ್ಲೇ ಹಳೆಯದಾಗುತ್ತದೆ. ಹಾರದೆ ಉಳಿದ ರೇಟಿಂಗಿಗೆ ಆಯುಷ್ಯ ಕಡಿಮೆ. ಕೆಲಸದ ಖಚಿತ ಭರವಸೆ ಸಿಕ್ಕ ಮೇಲೆ ಟೈಪ್ ರೇಟಿಂಗ್ ಪಡೆಯುವುದು ಜಾಣತನ. ಎಷ್ಟೋ ಕಡೆ ಅದರ ಖರ್ಚಿನ ಮಾತು ನೇಮಕಾತಿಯ ಕರಾರಿನಲ್ಲೇ ತೀರ್ಮಾನವಾಗುತ್ತದೆ.

ಸರಿಯಾದ ಸರದಿ ಹೀಗಿರುತ್ತದೆ. ಬಿಡುಗಡೆಗೆ ಎರಡು ವರ್ಷ ಮೊದಲೇ ಲಾಗ್‌ಬುಕ್ ಬಿಚ್ಚಿ ರಾತ್ರಿ, ಉಪಕರಣ, ದೂರ ಪ್ರಯಾಣ, ಕಮಾಂಡಿನ ಗಂಟೆಗಳನ್ನು ಬೇರೆಬೇರೆಯಾಗಿ ಕೂಡಿ ನೋಡಬೇಕು. ಡಿಜಿಸಿಎಯ ಪರೀಕ್ಷಾ ನೋಂದಣಿ ಸಂಖ್ಯೆ ಪಡೆದು ನಿಯಮಗಳ ಪತ್ರಿಕೆ ಮುಗಿಸಬೇಕು. ಒಂದನೆಯ ದರ್ಜೆಯ ವೈದ್ಯಕೀಯ ಪ್ರಮಾಣಪತ್ರವನ್ನು ಬೇಗ ಮಾಡಿಸಬೇಕು. ರಕ್ತದೊತ್ತಡವೋ ಸಕ್ಕರೆಯೋ ಅಡ್ಡಬರುವುದಿದ್ದರೆ ಮೊದಲೇ ತಿಳಿಯಲಿ. ಗಂಟೆಗಳು ಸಾಕಷ್ಟಿದ್ದರೆ ಸಿಪಿಎಲ್‌ಗೆ ನಿಲ್ಲದೆ ಎಟಿಪಿಎಲ್‌ವರೆಗೂ ಹೋಗಬೇಕು. ಆಮೇಲೆ ಇನ್‌ಸ್ಟ್ರುಮೆಂಟ್ ರೇಟಿಂಗ್. ಕೊನೆಗೆ ಕೆಲಸ ಸಿಕ್ಕ ಕಡೆಯ ಟೈಪ್ ರೇಟಿಂಗ್. ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಮತ್ತು ಕೆನಡಾದ ಸಿಎಇ ಕೂಡಿ ಕಟ್ಟಿದ ಹ್ಯಾಟ್ಸಾಫ್ ಎಂಬ ಸಿಮ್ಯುಲೇಟರ್ ಕೇಂದ್ರವಿದೆ. ಡಾಫಿನ್, ಬೆಲ್ 412, ಧ್ರುವಗಳ ಅಪಾಯದ ಸನ್ನಿವೇಶಗಳನ್ನು ನೆಲದ ಮೇಲೆ ಕುಳಿತೇ ಅಭ್ಯಾಸ ಮಾಡಲೆಂದು ಅದು ಹುಟ್ಟಿಕೊಂಡಿತು.

ಮೋಡದೊಳಗಿನ ಪ್ರಶ್ನೆ

ಇನ್‌ಸ್ಟ್ರುಮೆಂಟ್ ರೇಟಿಂಗನ್ನು ಇಷ್ಟು ಒತ್ತಿ ಹೇಳುವುದಕ್ಕೆ ಸಂಬಳವೊಂದೇ ಕಾರಣವಲ್ಲ. 2025ರ ಜೂನ್ 15ರ ನಸುಕಿನಲ್ಲಿ ಕೇದಾರನಾಥದಿಂದ ಹೊರಟ ಬೆಲ್ 407 ಒಂದು ಗೌರಿಕುಂಡದ ಬಳಿಯ ಕಾಡಿನಲ್ಲಿ ಬಿದ್ದಿತು. ಪೈಲಟ್ ಸೇರಿ ಏಳು ಜನ ತೀರಿಕೊಂಡರು. ಅವರಲ್ಲಿ ಒಂದು ಪುಟ್ಟ ಮಗುವೂ ಇತ್ತು. ಪೈಲಟ್ ಭೂಸೇನೆಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ ಬಂದ ಅನುಭವಿ. ಕಣಿವೆಯನ್ನು ಮೋಡ ಮುಸುಕಿತ್ತು.

ಈ ದುರಂತವನ್ನು ತೀರಿಕೊಂಡವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದು ಎತ್ತುವ ಪ್ರಶ್ನೆ ಮಾತ್ರ ಎಲ್ಲರದು. ಎಷ್ಟೇ ಅನುಭವವಿದ್ದರೂ ನೆಲ ಕಾಣದ ಮೋಡದಲ್ಲಿ ಮನುಷ್ಯನ ಕಣ್ಣು ಮತ್ತು ಕಿವಿಯೊಳಗಿನ ಸಮತೋಲನದ ಅಂಗ ಸುಳ್ಳು ಹೇಳತೊಡಗುತ್ತವೆ. ಓರೆಯಾಗಿದ್ದರೂ ನೆಟ್ಟಗಿದ್ದೇವೆಂದು ಮೈ ನಂಬಿಸುತ್ತದೆ. ಆಗ ಉಪಕರಣವನ್ನೇ ನಂಬುವ ಅಭ್ಯಾಸ ಈಚೆಗೆ ಮಾಡಿದ್ದಾಗಿರಬೇಕು. ಹತ್ತು ವರ್ಷದ ಹಿಂದಿನದಾದರೆ ಉಪಯೋಗವಿಲ್ಲ. ಇನ್ನು, ಇಕ್ಕಟ್ಟಾದ ಕಣಿವೆಯಲ್ಲಿ ಒಂದು ಎಂಜಿನ್ನಿನ ಹೆಲಿಕಾಪ್ಟರಿಗೆ ಮೋಡ ಅಡ್ಡ ಬಂದರೆ ಎಂಥ ರೇಟಿಂಗೂ ದಾರಿ ತೋರದು. ಅಲ್ಲಿ ಹೊರಡದೇ ಇರುವುದೊಂದೇ ದಾರಿ.

ಸೊಲ್ಲಾಪುರದವರಿಗೆ ಇನ್ನೂ ಹತ್ತಿರದ ನೆನಪೊಂದಿದೆ. 2017ರ ಮೇ 25ರಂದು ಲಾತೂರ ಜಿಲ್ಲೆಯ ನಿಲಂಗಾದಲ್ಲಿ ಮುಖ್ಯಮಂತ್ರಿಯವರನ್ನು ಹೊತ್ತು ಮೇಲೆದ್ದ ಸಿಕೋರ್ಸ್ಕಿ ಹೆಲಿಕಾಪ್ಟರ್ ತಂತಿಗಳಿಗೆ ತಗುಲಿ ಕೆಳಗೆ ಬಿತ್ತು. ಒಳಗಿದ್ದವರೆಲ್ಲ ಬದುಕಿ ಉಳಿದರು. ಅಲ್ಲಿ ಹಿಮಾಲಯವಿರಲಿಲ್ಲ, ಮೋಡವಿರಲಿಲ್ಲ. ಬಿಸಿಲಿಗೆ ಕಾದ ಗಾಳಿ ತೆಳುವಾಗಿ ಹೆಲಿಕಾಪ್ಟರಿನ ಎತ್ತುವ ಶಕ್ತಿ ಕುಂದುತ್ತದೆ. ಊರೊಳಗಿನ ಸಣ್ಣ ಬಯಲಿನ ಸುತ್ತ ವಿದ್ಯುತ್ ತಂತಿಗಳಿರುತ್ತವೆ. ನಮ್ಮ ಬಯಲುನಾಡಿನ ಮೇ ತಿಂಗಳು ಕೂಡ ಪೈಲಟನನ್ನು ಪರೀಕ್ಷಿಸಬಲ್ಲದು.

ಹೊತ್ತ ಕಾರ್ಯವನ್ನು ಹೇಗಾದರೂ ಪೂರೈಸಬೇಕೆಂದು ಸೈನ್ಯ ಕಲಿಸುತ್ತದೆ. ಗಾಯಗೊಂಡ ಯೋಧನಿಗಾಗಿ ಆ ಹಟ ಬೇಕು. ನಾಗರಿಕ ಹಾರಾಟದಲ್ಲಿ ಹಿಂದೆ ಕುಳಿತವರು ಟಿಕೆಟ್ ಕೊಂಡ ಯಾತ್ರಿಕರು. ಅಲ್ಲಿ ‘ಇಂದು ಹಾರುವುದಿಲ್ಲ’ ಎನ್ನಬಲ್ಲ ಸ್ಥೈರ್ಯವೇ ದೊಡ್ಡ ಅರ್ಹತೆ. ಯಾವ ಕಚೇರಿಯೂ ಅದಕ್ಕೆ ಪ್ರಮಾಣಪತ್ರ ಕೊಡುವುದಿಲ್ಲ. ಆದರೆ ಕೈಯಲ್ಲಿ ಮೇಲ್ಮಟ್ಟದ ಪರವಾನಗಿ ಮತ್ತು ಊರ್ಜಿತವಾದ ಇನ್‌ಸ್ಟ್ರುಮೆಂಟ್ ರೇಟಿಂಗ್ ಇರುವವನಿಗೆ ಬೇರೆ ಬಾಗಿಲುಗಳಿರುತ್ತವೆ. ಒಂದೇ ಕೆಲಸಕ್ಕೆ ಜೋತುಬಿದ್ದವನಿಗಿಂತ ಅವನಿಗೆ ‘ಇಲ್ಲ’ ಎನ್ನುವುದು ಸುಲಭ. ಒಳ್ಳೆಯ ಅರ್ಹತೆಯ ನಿಜವಾದ ಬೆಲೆ ಇದೇ.

ಕನ್ನಡ ಶಾಲೆಯ ಬಾಗಿಲಿಂದ

ಇದೆಲ್ಲ ದೂರದ ಮಾತೆಂದು ಕನ್ನಡ ಶಾಲೆಯ ತಾಯಿತಂದೆಯರು ಅಂದುಕೊಳ್ಳಬೇಕಾಗಿಲ್ಲ. ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಜಿ. ಆರ್. ಗೋಪಿನಾಥ್ ಕನ್ನಡ ಮಾಧ್ಯಮದ ಶಾಲೆಯಿಂದ ವಿಜಯಪುರದ ಸೈನಿಕ ಶಾಲೆಗೆ, ಅಲ್ಲಿಂದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಹೋದವರು. ಸೈನ್ಯದಲ್ಲಿ ಕ್ಯಾಪ್ಟನ್ ಆದರು, ಹೊರಬಂದು ರೈತರಾದರು. ಅವರು ಪೈಲಟ್ ಆಗಿರಲಿಲ್ಲ. ಭೂಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸಿದ್ದ ಗೆಳೆಯ ಕ್ಯಾಪ್ಟನ್ ಕೆ. ಜೆ. ಸ್ಯಾಮ್ಯುಯೆಲ್ ಅವರೊಡಗೂಡಿ 1997ರಲ್ಲಿ ಬೆಂಗಳೂರಿನ ಜಕ್ಕೂರಿನಿಂದ ಡೆಕ್ಕನ್ ಏವಿಯೇಷನ್ ಎಂಬ ಹೆಲಿಕಾಪ್ಟರ್ ಸಂಸ್ಥೆ ಕಟ್ಟಿದರು. ಒಬ್ಬರ ಹಾರಾಟದ ಅರ್ಹತೆ, ಇನ್ನೊಬ್ಬರ ಧೈರ್ಯ ಕೂಡಿ ಹುಟ್ಟಿದ ಆ ಸಂಸ್ಥೆಯೇ 2003ರಲ್ಲಿ ಏರ್ ಡೆಕ್ಕನ್ ವಿಮಾನ ಸೇವೆಗೆ ಬುನಾದಿಯಾಯಿತು.

1963ರಲ್ಲಿ ಆರಂಭವಾದ ವಿಜಯಪುರದ ಆ ಶಾಲೆ ಸೊಲ್ಲಾಪುರದಿಂದ ಸುಮಾರು ನೂರು ಕಿಲೋಮೀಟರ್ ಮಾತ್ರ. ಸೈನಿಕ ಶಾಲೆಗಳ ಆರನೆಯ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಅಕಾಡೆಮಿ ಇರುವುದು ಪುಣೆಯ ಖಡಕವಾಸಲಾದಲ್ಲಿ. 2022ರಿಂದ ಹೆಣ್ಣುಮಕ್ಕಳಿಗೂ ಅಲ್ಲಿ ಪ್ರವೇಶವಿದೆ. ಹಾರುವ ಆಸೆಯಿದ್ದವರು ಮರೆಯಬಾರದ ಒಂದು ಮಾತಿದೆ. ಹತ್ತನೆಯ ತರಗತಿ ಮುಗಿದಾಗ ಭೌತವಿಜ್ಞಾನ ಮತ್ತು ಗಣಿತಗಳನ್ನು ಆರಿಸಿಕೊಂಡವರಿಗೆ ವಾಯುಪಡೆಯ ಹಾರಾಟ ವಿಭಾಗದ ದಾರಿ ತೆರೆದಿರುತ್ತದೆ. ಆ ವಯಸ್ಸಿನಲ್ಲಿ ಮಾಡಿದ ಆಯ್ಕೆ ನಲವತ್ತರಲ್ಲಿ ನಾಗರಿಕ ಪರವಾನಗಿಯ ಅರ್ಜಿ ತುಂಬುವಾಗಲೂ ಜೊತೆಗೆ ಬರುತ್ತದೆ.

ಸೇವೆಯ ಅವಧಿಯನ್ನೂ ಮೊದಲೇ ತಿಳಿದಿರಬೇಕು. ವಾಯುಪಡೆಯ ಹಾರಾಟ ವಿಭಾಗದಲ್ಲಿ ಅಲ್ಪಾವಧಿ ಸೇವೆ ಎಂದರೆ 14 ವರ್ಷ. ಅಧಿಕಾರಿಗಳ ಪಿಂಚಣಿಗೆ ಬೇಕಾದದ್ದು 20 ವರ್ಷ. ಹೀಗೆ ಮೂವತ್ತೈದು ದಾಟಿದೊಡನೆ ಪಿಂಚಣಿಯಿಲ್ಲದೆ ಹೊರಬರುವ ಪೈಲಟನಿಗೆ ನಾಗರಿಕ ಪರವಾನಗಿಯೇ ಸಂಸಾರದ ಆಧಾರ.

ಇಂಗ್ಲಿಷಿನ ಭಯಕ್ಕೂ ಉತ್ತರವಿದೆ. ಪೈಲಟರ ಭಾಷಾ ಪರೀಕ್ಷೆಯಲ್ಲಿ ಆರು ಹಂತಗಳಿದ್ದು, ನಾಲ್ಕನೆಯ ಹಂತ ತಲುಪಿದರೆ ಸಾಕು. ಉಚ್ಚಾರದಲ್ಲಿ ತಾಯ್ನುಡಿಯ ಛಾಯೆ ಇರಬಹುದೆಂದು ಆ ಹಂತದ ವಿವರಣೆಯೇ ಒಪ್ಪುತ್ತದೆ. ಮಾತು ಅರ್ಥವಾಗುವಂತಿರಬೇಕು ಅಷ್ಟೆ. ಕನ್ನಡದಲ್ಲಿ ಗಣಿತ ಕಲಿತದ್ದು ಆಕಾಶಕ್ಕೆ ಅಡ್ಡಿಯಲ್ಲ. ಇಂಗ್ಲಿಷನ್ನು ಜೊತೆಯಲ್ಲಿ ಕಲಿಯದೇ ಇದ್ದರೆ ಮಾತ್ರ ಅಡ್ಡಿ.

ಸೈನ್ಯಕ್ಕೆ ಹೋದವರೆಲ್ಲ ಪೈಲಟರಾಗುವುದಿಲ್ಲ. ಹೆಲಿಕಾಪ್ಟರಿನ ಎಂಜಿನ್ ಬಿಚ್ಚಿ ಜೋಡಿಸುವ, ವಿದ್ಯುತ್ ಉಪಕರಣ ನೋಡಿಕೊಳ್ಳುವ ತಂತ್ರಜ್ಞರೇ ಸಂಖ್ಯೆಯಲ್ಲಿ ಹೆಚ್ಚು. ಅವರಿಗೂ ಇದೇ ಪಾಠ ಅನ್ವಯಿಸುತ್ತದೆ. ವಿಮಾನ ನಿರ್ವಹಣಾ ಎಂಜಿನಿಯರರ ಪರವಾನಗಿಯಲ್ಲಿ ಟರ್ಬೈನ್ ಹೆಲಿಕಾಪ್ಟರುಗಳಿಗೆ ಬಿ1.3, ಎಲೆಕ್ಟ್ರಾನಿಕ್ ಉಪಕರಣಗಳಿಗೆ ಬಿ2 ಎಂಬ ವರ್ಗಗಳಿವೆ. ಸೇವೆಯಲ್ಲಿರುವಾಗಲೇ ಒಂದೊಂದು ಪತ್ರಿಕೆ ಮುಗಿಸುತ್ತ ಬಂದವರು ಹೊರಬಂದಾಗ ಕೈಕಟ್ಟಿ ಕೂರಬೇಕಾಗುವುದಿಲ್ಲ. ಪುನರ್ವಸತಿ ತರಬೇತಿಗಳ ವಿವರ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಸಿಗುತ್ತದೆ.

ರಜೆಗೆ ಊರಿಗೆ ಬಂದ ಮಗನನ್ನೋ ಅಳಿಯನನ್ನೋ ಮನೆಯವರು ಬಡ್ತಿಯ ಬಗ್ಗೆ, ಸಂಬಳದ ಬಗ್ಗೆ ಕೇಳುವುದು ವಾಡಿಕೆ. ಬಿಡುಗಡೆಗೆ ಎರಡು ವರ್ಷ ಉಳಿದಿರುವಾಗ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಲಾಗ್‌ಬುಕ್ಕಿನಲ್ಲಿ ರಾತ್ರಿಯ ಗಂಟೆಗಳೆಷ್ಟಿವೆ, ನಿಯಮಗಳ ಪತ್ರಿಕೆ ಬರೆದಾಯಿತೇ?